ಪ್ರತಿಕ್ರಿಯೆ: ಶ್ರಮ ಹೆಚ್ಚಿದರೂ ವೇಗ ಏಕೆ ಹೆಚ್ಚುವುದಿಲ್ಲ?

ಇಮ್ಮಡಿ ಶ್ರಮದಿಂದ ಈಜಿದರೂ ವೇಗ ಸ್ವಲ್ಪವೇ ಏರುತ್ತದೆ, ಏಕೆ ಎಂದು ಕೇಳಿದ್ದೀರಿ. ದೋಷ ನಿಮ್ಮ ತೋಳುಗಳದ್ದಲ್ಲ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದರ ಪ್ರತಿರೋಧ ಸರಿಸುಮಾರು ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೇಗ ಎರಡು ಪಟ್ಟಾದರೆ ಪ್ರತಿರೋಧ ನಾಲ್ಕು ಪಟ್ಟು, ಪ್ರತಿ ಕ್ಷಣ ವ್ಯಯಿಸಬೇಕಾದ ಶಕ್ತಿ ಎಂಟು ಪಟ್ಟು! ಹಾಗಾಗಿ ಇಮ್ಮಡಿ ಶ್ರಮಕ್ಕೆ ಸಿಗುವುದು ಕಾಲು ಭಾಗದಷ್ಟು ಹೆಚ್ಚುವರಿ ವೇಗ ಮಾತ್ರ.

ಬಲಕ್ಕಿಂತ ಮೊದಲು ಭಂಗಿಯನ್ನು ತಿದ್ದಿಕೊಳ್ಳಿ ಎಂಬುದು ನನ್ನ ಕಳಕಳಿಯ ಸಲಹೆ. ಉಸಿರಿಗಾಗಿ ತಲೆ ಎತ್ತಿದರೆ ಸೊಂಟ, ಕಾಲುಗಳು ಕೆಳಗಿಳಿದು ದೇಹವೇ ನೀರಿಗೆ ಅಡ್ಡಗೋಡೆಯಾಗುತ್ತದೆ. ತಲೆಯನ್ನು ಬೆನ್ನಿನ ನೇರಕ್ಕಿಟ್ಟು, ಪಕ್ಕಕ್ಕೆ ಹೊರಳಿ ಉಸಿರೆಳೆಯಿರಿ. ಅಂಗೈ ನೀರನ್ನು ಹಿಂದಕ್ಕೆ ತಳ್ಳಲಿ. ಕೆಳಕ್ಕೆ ಒತ್ತಿದರೆ ದೇಹ ಮೇಲೇಳುತ್ತದೆಯೇ ಹೊರತು ಮುಂದೆ ಸಾಗುವುದಿಲ್ಲ.