ಕಿನ್ನರಿ ವೀಣೆ ಮನ್ಯಾಗ ಕೈಲೇ ಮಾಡಾಕ ಆಕ್ಕೈತೇನು?

ಆಕ್ಕೈತ್ರಿ. 12ನೇ ಶತಮಾನದ ಶರಣ ಕಿನ್ನರಿ ಬೊಮ್ಮಯ್ಯನ ಹೆಸರಿಗೆ ಅಂಟ್ಕೊಂಡಿರೋ ವಾದ್ಯ ಇದು, ವಿವರ ಬೇಕಂದ್ರ 13ನೇ ಶತಮಾನದ ಸಂಗೀತ ರತ್ನಾಕರ ಅನ್ನೋ ಗ್ರಂಥದಾಗ ಸಿಗತೈತಿ. ಸಾಮಾನ್ಯವಾಗಿ ಬಿದಿರಿನ ದಂಡಿ, ಕೆಳಗ ಮೂರು ಸೋರೆಬುರುಡಿ, ಎರಡು ತಂತಿ, ಅಷ್ಟ.

ಸಂತ್ಯಾಗಿನ ಎಳೇ ಸೋರೆಕಾಯಿ ನಡಿಯೂದಿಲ್ರಿ, ಬಳ್ಳಿ ಮ್ಯಾಲೇ ಬಲಿತು ಒಣಗಿದ್ದು ಬೇಕು, ಅಲ್ಲಾಡಿಸಿದ್ರ ಒಳಗ ಬೀಜ ಗಲಗಲ ಅನ್ಬೇಕು, ಇಲ್ಲಾಂದ್ರ ಮಿರಜದ ತಂಬೂರಿ ಮಾಡೋರ ಹತ್ರ ಸಣ್ಣ ಬುರುಡಿ ಕೇಳ್ರಿ.

ಖರೇ ಕೆಲಸ ಮೆಟ್ಟು, ಅಂದ್ರ ಒಂದೊಂದು ಸ್ವರಕ್ಕ ತಂತಿ ಒತ್ತೋ ಪಟ್ಟಿ, ಕೂಡ್ಸೂದು. ತಂತಿ ಉದ್ದದ ನಟ್ಟನಡುವ ಮ್ಯಾಲಿನ ಷಡ್ಜ (ಸ), ಬಿರಡಿ ಕಡೆಯಿಂದ ಮೂರನೇ ಒಂದು ಭಾಗಕ್ಕ ಪಂಚಮ (ಪ) ಅಂತ ಲೆಕ್ಕ, ಆದ್ರ ಒತ್ತಿದ್ರ ತಂತಿ ಬಿಗಿಯಾಗಿ ಸ್ವರ ಚೂರು ಏರತೈತಿ, ಅದಕ್ಕ ಫೋನಿನ್ಯಾಗ ಶ್ರುತಿ ಹಿಡಿಯೋ ತಂಬೂರಿ ಆ್ಯಪ್ ಹಚ್ಕೊಂಡು ಕಿವಿಲೇ ಸರಿಸ್ಕೋತ ಮೇಣದಾಗ ಕೂಡ್ಸ್ರಿ. ನಮ್ಮ ಗದಗಿನ ಬ್ಯಾಸಗಿಗೆ ಬರೇ ಜೇನುಮೇಣ ಮೆತ್ತಗಾಕ್ಕೈತಿ, ಸ್ವಲ್ಪ ರಾಳ ಬೆರಸ್ರಿ.