ಅಜ್ಜಿ ಯಾರನ್ನು ನಿರೀಕ್ಷಿಸಬೇಕಿತ್ತು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಿವೃತ್ತ ಅಧ್ಯಾಪಕರೊಬ್ಬರ ಪತ್ರ: "ಕೊರೋನಾ ಬಂದು ಹೋದರೂ ನಮ್ಮ ಜನಕ್ಕೆ ಬುದ್ಧಿ ಬರಲಿಲ್ಲ. ಆಗ ಮಾಸ್ಕ್ ಗಲ್ಲಕ್ಕೆ ಹಾಕುತ್ತಿದ್ದರು, ಈಗ ಜ್ವರ ಇದ್ದವರೂ ಮದುವೆಗೆ ಹೋಗಿ ಮೊದಲ ಪಂಕ್ತಿಯಲ್ಲಿ ಕೂರುತ್ತಾರೆ. ಎಷ್ಟು ಜಾಗೃತಿ ಮೂಡಿಸಿದರೂ ಕೋಣನ ಮುಂದೆ ಕಿನ್ನರಿ. ಪತ್ರಿಕೆಯವರಾದರೂ ಸ್ವಲ್ಪ ಬೈಯಬಾರದೇ?"

ಮಾಸ್ಟ್ರೇ, ಬೈಯಬಹುದು. ಪಂಕ್ತಿಯ ವಿಷಯದಲ್ಲಿ ನಾನೂ ನಿಮ್ಮ ಪಕ್ಷವೇ. ಮೊನ್ನೆ ಒಂದು ಉಪನಯನದಲ್ಲಿ ನನ್ನ ಪಕ್ಕ ಕೂತವರು ಸಾರಿನಿಂದ ಪಾಯಸದವರೆಗೆ ಬಿಡದೆ ಕೆಮ್ಮಿದರು. ಅದಿರಲಿ. ಆದರೆ "ಎಷ್ಟು ಜಾಗೃತಿ ಮೂಡಿಸಿದರೂ" ಅಂತ ಬರೆದಿದ್ದೀರಲ್ಲ, ಅಲ್ಲಿ ನನಗೆ ತಡೆಯಲಾಗಲಿಲ್ಲ. ಮೂಡಿಸಿದ್ದು ಯಾವ ಭಾಷೆಯಲ್ಲಿ?

2020ರ ಮಾರ್ಚ್ ಕೊನೆ. ನಮ್ಮ ನೆರೆಮನೆಯ ಅಜ್ಜಿಯ ಮಗ ದುಬೈಯಿಂದ ಬಂದಿದ್ದ. ಆರೋಗ್ಯ ಇಲಾಖೆಯವರು ಗೇಟಿಗೆ ಒಂದು ಕಾಗದ ಅಂಟಿಸಿ, ಮಲಯಾಳದಲ್ಲಿ "ವೀಟಿಲ್ ನಿರೀಕ್ಷಣತ್ತಿಲ್ ಇರಿಕ್ಕಣಂ" ಅಂತ ಹೇಳಿ ಹೋದರು. ಅಜ್ಜಿಗೆ ತುಳು ಬರುತ್ತದೆ, ಕನ್ನಡ ಬರುತ್ತದೆ, ಮಲಯಾಳ ಪೇಟೆಯಲ್ಲಿ ಮೀನು ಚೌಕಾಸಿ ಮಾಡುವಷ್ಟು. ಅವರಿಗೆ ಅರ್ಥವಾದದ್ದು 'ನಿರೀಕ್ಷಣೆ' ಒಂದೇ. ಯಾರೋ ಆಫೀಸರು ಬರುತ್ತಾರೆ, ಕಾಯಬೇಕು! ಜಗಲಿ ಗುಡಿಸಿದರು, ಕುರ್ಚಿ ಹಾಕಿದರು, ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ಇಟ್ಟು ಕೂತರು. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೂರಿಸಿ "ಆಫೀಸರು ಪೇಟೆಯಲ್ಲಿ ಕಂಡರಾ?" ಅಂತ ವಿಚಾರಿಸಿದರು. ಎರಡು ದಿನ ಹೀಗೇ. ಮೂರನೇ ದಿನ ತುಳು ಬಲ್ಲ ಆಶಾ ಕಾರ್ಯಕರ್ತೆಯೊಬ್ಬಳು ಗೇಟಿನ ಹೊರಗಿಂದಲೇ ಕೂಗಿ ಹೇಳಿದಳು: "ಯಾರೂ ಬರುವುದಿಲ್ಲ ಅಜ್ಜಿ, ನೀವೂ ಹೊರಗೆ ಬರಬೇಡಿ, ಯಾರನ್ನೂ ಒಳಗೆ ಕರೀಬೇಡಿ." ಅಷ್ಟೇ. ಆಮೇಲೆ 28 ದಿನ ಅಜ್ಜಿ ಅಂಗಳಕ್ಕೆ ಕಾಲಿಡಲಿಲ್ಲ. ಕೋಣ ಎಲ್ಲಿ ಬಂತು ಮಾಸ್ಟ್ರೇ ಇದರಲ್ಲಿ?

ಮಲಯಾಳದವರ ನಿರೀಕ್ಷಣ ಅಂದರೆ ನಿಗಾ. ನಮ್ಮ ನಿರೀಕ್ಷೆ ಅಂದರೆ ಕಾಯುವುದು. ಅವರ ಅಕಲಂ ದೂರ, ನಮ್ಮ ಅಗಲ ಬಟ್ಟೆಯ ಪನ್ನ. ಶಬ್ದ ಒಂದೇ ಥರ ಕೇಳುವುದರಿಂದಲೇ ಅಪಾಯ ಜಾಸ್ತಿ. ಹಾಗಂತ ಬೆಂಗಳೂರಿನಿಂದ ಬಂದ ಕನ್ನಡವೇನೂ ಕಡಿಮೆಯಲ್ಲ. 'ಸಾಮಾಜಿಕ ಅಂತರ' ಅಂತೆ! ನಮ್ಮ ಊರುಗಳಲ್ಲಿ ಆ ಅಂತರ ಇಟ್ಟುಕೊಂಡು ಯಾರು ಯಾರನ್ನು ಅಂಗಳದಾಚೆ ನಿಲ್ಲಿಸಿದ್ದರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. "ಆರಡಿ ದೂರ ನಿಲ್ಲಿ" ಅಂದರೆ ಸಾಕಿತ್ತು.

ಸರಕಾರ ಏನೂ ಮಾಡಲಿಲ್ಲ ಅಂತಲ್ಲ. ದೇಶದ ಮೂರನೇ ಕೇಸು ಸಿಕ್ಕಿದ್ದು ನಮ್ಮ ಜಿಲ್ಲೆಯಲ್ಲೇ, 2020ರ ಫೆಬ್ರವರಿ 3ಕ್ಕೆ, ವುಹಾನ್‌ನಿಂದ ಬಂದ ವಿದ್ಯಾರ್ಥಿಗೆ. ಆಮೇಲೆ ಆರೋಗ್ಯ ಇಲಾಖೆಯವರು ಹಗಲು ರಾತ್ರಿ ದುಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ 1969ರಲ್ಲೇ ಆದ ಕೇರಳದ ಆಡಳಿತ ಭಾಷಾ ಕಾನೂನಿನಲ್ಲಿ ಕನ್ನಡದವರು ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರ ಕೊಡಬೇಕು ಅಂತ ಇದೆಯಲ್ಲ! ಅರ್ಜಿಗೇ ಅಷ್ಟು ಹಕ್ಕಿದ್ದರೆ ಜೀವದ ಮಾತಿಗೆ ಬೇಡವೇ?

ತುಳುವರ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಕಳೆಂಜನ ವೇಷ ಬರುತ್ತಿದ್ದದ್ದು ನೆನಪಿದೆಯಾ? ಓಲೆಯ ಕೊಡೆ ತಿರುಗಿಸುತ್ತಾ, ಕಾಲಿಗೆ ಗಗ್ಗರ ಕಟ್ಟಿಕೊಂಡು, ಆ ಜಡಿಮಳೆಯಲ್ಲಿ ಮನೆ ಮನೆಯ ಅಂಗಳಕ್ಕೆ ಬಂದು ಮಾರಿ ಕಳೆಯುತ್ತಿದ್ದ. ಅದರಿಂದ ರೋಗ ಹೋಗುತ್ತಿತ್ತು ಅಂತ ನಾನು ವಾದಿಸುವುದಿಲ್ಲ. ಆದರೆ ಅವನು ಅಂಗಳದವರೆಗೆ ಬರುತ್ತಿದ್ದ, ನಮಗೆ ತಿಳಿಯುವ ಮಾತಲ್ಲಿ ಹಾಡುತ್ತಿದ್ದ. ಪೋಸ್ಟರು ಇದೆರಡನ್ನೂ ಮಾಡಲಿಲ್ಲ.

ಇನ್ನು ನಮ್ಮದೇ ಭಾಷೆಯ ರಾಜ್ಯ ಏನು ಮಾಡಿತು? ಗಡಿಯ ತಲಪಾಡಿಯಲ್ಲಿ ಗಾಡಿ ತಡೆಯಿತು, ಒಳದಾರಿಗಳಿಗೆ ಲೋಡುಗಟ್ಟಲೆ ಮಣ್ಣು ಸುರಿಯಿತು. ಡಯಾಲಿಸಿಸ್‌ಗೂ ಹೆರಿಗೆಗೂ ಮಂಗಳೂರನ್ನೇ ನಂಬಿದವರು ನಾವು, ಕಾಸರಗೋಡಿನಿಂದ 50 ಕಿಲೋಮೀಟರ್. ಆಂಬುಲೆನ್ಸ್ ಹಿಂದೆ ತಿರುಗಿದವು, ದಾರಿ ಸಿಗದೆ ಪ್ರಾಣ ಬಿಟ್ಟವರಿದ್ದಾರೆ. ತುರ್ತು ರೋಗಿಗಳನ್ನು ಬಿಡುತ್ತೇವೆ ಅಂತ ಒಪ್ಪಿಕೊಳ್ಳಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಈ ಕಡೆ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದರು. ಅಲ್ಲಿ ಮಂಚ ಬಿದ್ದದ್ದು 2020ರ ಏಪ್ರಿಲ್‌ನಲ್ಲಿ, ಕೊರೋನಾ ಬಂದ ಮೇಲೆ. ಒಬ್ಬರು ನಮಗೆ ತಿಳಿಯದ ಭಾಷೆಯಲ್ಲಿ ಎಚ್ಚರಿಸಿದರು, ಇನ್ನೊಬ್ಬರು ಮಣ್ಣು ಸುರಿದರು. ಮಧ್ಯದಲ್ಲಿ ಬುದ್ಧಿ ಇಲ್ಲದವರು ಅಂತ ನೀವು ಬೈಸುತ್ತಿರುವುದು ಯಾರನ್ನು, ಆ ಅಜ್ಜಿಯನ್ನಾ?

ನಲವತ್ತು ಮಕ್ಕಳಿಗೆ ಮಗ್ಗಿ ಕಲಿಸಿದವರು ನೀವು. ಒಂದು ಮಗುವಿಗೆ ಅರ್ಥವಾಗದಿದ್ದರೆ ಮಗುವಿನ ತಪ್ಪು, ಇಡೀ ಕ್ಲಾಸಿಗೇ ಅರ್ಥವಾಗದಿದ್ದರೆ? ಸುಮ್ನೆ ಕೇಳಿದೆ, ಬೇಜಾರು ಮಾಡ್ಕೋಬೇಡಿ.

ಮಳೆ ಹತ್ತಿರ ಬಂತು. ನಮ್ಮ ರೇಷನ್ ಅಂಗಡಿಯ ಗೋಡೆಗೆ ಮೊನ್ನೆ ಡೆಂಗ್ಯೂ ನೋಟೀಸು ಅಂಟಿಸಿದ್ದಾರೆ, ಪೂರ್ತಿ ಮಲಯಾಳದಲ್ಲಿ. ಫೋಟೋ ನಿಮಗೆ ವಾಟ್ಸಾಪ್ ಮಾಡಿದ್ದೇನೆ. ನಿಮಗೆ ಓದಲು ಬರುತ್ತದೆ ಅಲ್ವಾ? ಕನ್ನಡ ಮಾಡಿ ಕಳಿಸಿ, ಮುಂದಿನ ಸಂಚಿಕೆಯ ಹಿಂಬದಿ ಪುಟ ನಿಮಗೆ. 'ಸೊಳ್ಳೆ ಉತ್ಪತ್ತಿ ತಾಣಗಳ ನಿರ್ಮೂಲನೆ' ಅಂತೆಲ್ಲ ಬೇಡ. ತೆಂಗಿನ ಗೆರಟೆ ಕವುಚಿ ಹಾಕಿ, ತೋಟದಲ್ಲಿ ಬಿದ್ದ ಅಡಿಕೆ ಹಾಳೆಯ ನೀರು ಚೆಲ್ಲಿ ಅಂತ ಬರೆಯಿರಿ. ಅಜ್ಜಿಗೆ ಓದಿ ಹೇಳುವ ಕೆಲಸ ನನ್ನದು.

-ಸಂ.