ಇನ್‌ಆಕ್ಸೆಸಿಬಿಲಿಟಿ ಎಂದರೇನು? ಕನ್ನಡದಲ್ಲಿ ಹೇಗೆ ಹೇಳುವುದು?

ನಿಘಂಟಿನ ಉತ್ತರ ‘ದುರ್ಗಮತೆ’, ಅಂದರೆ ಹೋಗಿ ತಲುಪಲು ಕಷ್ಟವಾಗಿರುವುದು. ಕೋಟೆಗೆ ‘ದುರ್ಗ’ ಎನ್ನುವುದೂ ಅದಕ್ಕೇ. ಕಾಡು, ಬೆಟ್ಟಕ್ಕೆ ಈ ಪದ ಸರಿ. ‘ವೆಬ್‌ಸೈಟಿನ ದುರ್ಗಮತೆ’ ಅಂದರೆ ನಗು ಬರುತ್ತದೆ.

ನಮ್ಮ ಮಂಡ್ಯ ಕಡೆ ಇದನ್ನು ನಾಮಪದ ಮಾಡಿ ಯಾರೂ ಆಡುವುದಿಲ್ಲ, ಕ್ರಿಯಾಪದದಲ್ಲೇ ಮುಗಿಸುತ್ತಾರೆ. ಸಾಹೇಬರು ‘ಕೈಗೇ ಸಿಗಲ್ಲ’, ಸೈಟಿನ ಬೆಲೆ ‘ಎಟುಕಲ್ಲ’, ಮಳೆ ಬಂದರೆ ಆ ಊರಿಗೆ ‘ಹೋಗಕ್ಕಾಗಲ್ಲ’.

ಇನ್ನೊಂದು ಅರ್ಥವಿದೆ, ಈಗ ಹೆಚ್ಚು ಬಳಕೆಯಲ್ಲಿರುವುದು ಅದೇ. ಮೇಲುಕೋಟೆಯ ಯೋಗನರಸಿಂಹಸ್ವಾಮಿ ಗುಡಿಗೆ ಮೆಟ್ಟಿಲು ಹತ್ತಬೇಕು. ಮಂಡಿನೋವಿನ ಅಜ್ಜಿಗೆ, ಗಾಲಿಕುರ್ಚಿಯಲ್ಲಿರುವವರಿಗೆ ಆ ದೇವರು ದೂರವೇ. ಕಟ್ಟಡ, ಬಸ್ಸು, ಮಾಹಿತಿ ವಿಕಲಚೇತನರಿಗೂ ದಕ್ಕಬೇಕು ಎನ್ನುವ 2016ರ ಕಾಯ್ದೆ ತಡೆಯಲು ಹೊರಟಿರುವುದು ಇದನ್ನೇ. ಇಲ್ಲಿ ‘ಪ್ರವೇಶಾಲಭ್ಯತೆ’ ಎಂದು ಹೊಸೆಯುವುದಕ್ಕಿಂತ ‘ಗಾಲಿಕುರ್ಚಿ ಹೋಗದ ಕಚೇರಿ’ ಎಂದು ಬರೆಯುವುದೇ ವಾಸಿ.